ಕಣ್ಣುಬಿಟ್ಟಾಗ ಅಮ್ಮ ಇರಲಿಲ್ಲ

ಸುಳ್ಯದ ಕಡೆಯ ಸಿಆರ್‌ಸಿ ಕಾಲನಿಯ, ಅಂದರೆ ಸಿಲೋನ್‌ನಿಂದ ಮರಳಿದವರ ಕಾಲನಿಯ, ಮಕ್ಕಳಿಗೆ ಕನ್ನಡ ಅಕ್ಷರ ತಿದ್ದಿಸಿದವಳು ನಾನು. ರಬ್ಬರ್ ಹಾಲು ಚೆನ್ನಾಗಿ ಇಳಿಯುವುದು ಬೆಳಗಿನ ತಂಪಿಗೆ. ಹಾಗಾಗಿ ಮಕ್ಕಳು ಕಣ್ಣುಬಿಡುವಷ್ಟರಲ್ಲಿ ಅಮ್ಮ ಟ್ಯಾಪಿಂಗ್‌ಗೆ ಹೋಗಿಯಾಗಿರುತ್ತಿತ್ತು. ಶಾಲೆಯ ಜಗಲಿಯ ಕಂಬ ತಬ್ಬಿ ಅಳುವ ಮಗು, ಸೋಮವಾರ ಬಂತೆಂದರೆ ಹೊಟ್ಟೆನೋವು ಎನ್ನುವ ಮಗು. ಊರಿನವರು ಹಟ ಎನ್ನುತ್ತಿದ್ದರು. ನನಗೆ ಕಂಡದ್ದು ಭಯ, ಅದಕ್ಕೊಂದು ಚರಿತ್ರೆಯೂ ಇತ್ತು.

1964ರ ಅಕ್ಟೋಬರ್ 30ರಂದು ನಮ್ಮ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ, ಲಂಕೆಯ ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ಸಹಿ ಹಾಕಿದ ಒಪ್ಪಂದ ಲಂಕೆಯ ತೋಟಗಳ ತಮಿಳರನ್ನು ಲೆಕ್ಕ ಹಿಡಿದು ಹಂಚಿತು: 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಅಲ್ಲಿಗೇ, ಉಳಿದ 1,50,000 ಮಂದಿಯ ಮಾತು ಮುಂದಕ್ಕೆ. ತಾಯಿಗೆ ಇಲ್ಲಿನ ಪಾಸ್‌ಪೋರ್ಟ್, ಮದುವೆಯಾದ ಮಗಳಿಗೆ ಅಲ್ಲಿನ ಪೌರತ್ವ. ಹೀಗೆ ಎಷ್ಟೋ ಮನೆಗಳು ಒಡೆದವು. ತಲೈಮನ್ನಾರಿಗೆ ಹೊರಡುವ ರೈಲನ್ನು ಅವರು ‘ಒಪ್ಪಾರಿ ಕೋಚಿ’ ಎನ್ನುತ್ತಿದ್ದರು; ಒಪ್ಪಾರಿ, ಸಾವಿನ ಮನೆಯ ಹಾಡು. ಅಲ್ಲಿಂದ ಹಡಗಿನಲ್ಲಿ ರಾಮೇಶ್ವರ, ಆಮೇಲೆ ಮಂಟಪಂ ಕ್ಯಾಂಪ್. ಕೆಲವು ಕುಟುಂಬಗಳು ಪುತ್ತೂರು, ಸುಳ್ಯ, ಈಗ ಕಡಬ ತಾಲೂಕಿಗೆ ಸೇರಿರುವ ಸುಬ್ರಹ್ಮಣ್ಯದ ಕಡೆಯ ಸರಕಾರಿ ರಬ್ಬರ್ ತೋಟಗಳಿಗೆ ಬಂದವು. ಎಂಬತ್ತರ ದಶಕದಲ್ಲಿ ಲಂಕೆಯಲ್ಲಿ ಯುದ್ಧ ಶುರುವಾಗಿ ಹಡಗೂ ನಿಂತಿತು.

ಕಾಲನಿಯ ಒಬ್ಬ ಪಾಟ್ಟಿ, ಮಗ ಬರುವ ಕಡೆಯ ಬಸ್ಸು ತಡವಾದರೆ ಅನ್ನ ಮುಟ್ಟುತ್ತಿರಲಿಲ್ಲ. ಮೊಮ್ಮಗನನ್ನು ಶಾಲೆಯ ಪ್ರವಾಸಕ್ಕೆ ಕಳಿಸಲೇ ಇಲ್ಲ. “ಹೋದವರು ಬರೋದುಂಟಾ ಟೀಚರ್?” ಎಂದು ಕೇಳಿದ್ದರು. ಆ ಮಾತು ಕೇಳುತ್ತಾ ಬೆಳೆದ ಹುಡುಗ ಕಂಬ ತಬ್ಬದೆ ಇನ್ನೇನು ಮಾಡಿಯಾನು?

ಇಂಥ ಭಯಕ್ಕೆ ವೈದ್ಯರು ಕೊಟ್ಟ ಹೆಸರು ಅಗಲಿಕೆಯ ಆತಂಕ. ಅದು ಮಕ್ಕಳ ಕಾಯಿಲೆಯಾಗಿ ಅಮೆರಿಕದ ಮನೋವೈದ್ಯರ ಕೈಪಿಡಿ ಸೇರಿದ್ದು 1980ರಲ್ಲಿ. ದೊಡ್ಡವರಾದ ಮೇಲೂ ಅದು ಹೊಸದಾಗಿ ಶುರುವಾಗಬಹುದೆಂದು ಕೈಪಿಡಿ ಒಪ್ಪಿದ್ದು 2013ರಲ್ಲಿ, ಬಹಳ ತಡವಾಗಿ. ಎಲ್ಲ ಅಳುವೂ ಕಾಯಿಲೆಯಲ್ಲ. ಮಕ್ಕಳಲ್ಲಿ ನಾಲ್ಕು ವಾರ, ದೊಡ್ಡವರಲ್ಲಿ ಸಾಮಾನ್ಯವಾಗಿ ಆರು ತಿಂಗಳು ಬಿಡದೆ ಕಾಡಿ, ಶಾಲೆ, ಕೆಲಸ, ಮನೆಯ ಬದುಕು ಕೆಡಿಸಿದರೆ ವೈದ್ಯರಿಗೆ ತೋರಿಸಬೇಕು. ಪಾಟ್ಟಿಯದು ಕಾಯಿಲೆಯೋ, ಆರದ ದುಃಖವೋ, ಅದನ್ನು ತೀರ್ಮಾನಿಸುವ ವಿದ್ಯೆ ನನ್ನದಲ್ಲ.

ತಾಯಂದಿರಿಗೆ ಮಾತ್ರ ಒಂದು ಹೇಳುತ್ತಿದ್ದೆ. ಮಗು ಮಲಗಿರುವಾಗ ಕದ್ದು ಹೋಗಬೇಡಿ, ಎಬ್ಬಿಸಿ ಹೇಳಿ ಹೋಗಿ, ಹೇಳಿದ ಹೊತ್ತಿಗೆ ಬನ್ನಿ. ಹಾಲು ಅಳೆದು ಕೊಟ್ಟ ಕೂಡಲೇ ಶಾಲೆಗೆ ಬಂದು ಮುಖ ತೋರಿಸಿ. ಕೆಲವರು ಬರುತ್ತಿದ್ದರು. ಉಳಿದವರಿಗೆ ಹೊತ್ತು ಸಿಗುತ್ತಿರಲಿಲ್ಲ.