ಬೆಂಗಳೂರಿನ ಅಸಲಿ ನೈಟ್‌ಲೈಫ್ ಎಲ್ಲಿದೆ ಗೊತ್ತಾ?

ನೈಟ್‌ಲೈಫ್ ಅಂದ ತಕ್ಷಣ ಏನು ನೆನಪಾಗುತ್ತೆ? ಚರ್ಚ್ ಸ್ಟ್ರೀಟ್, ಇಂದಿರಾನಗರ, ಕೋರಮಂಗಲ. ಪಬ್ಬು, ಮ್ಯೂಸಿಕ್ಕು, ಕಲರ್ ಲೈಟು. ತಪ್ಪೇನಿಲ್ಲ ಬಿಡಿ. ಆದರೆ ಈ ಊರಿನ ಹಳೇ ರಾತ್ರಿಯನ್ನು ನೋಡಬೇಕು ಅಂದ್ರೆ ಬೆಳಗಿನ ಜಾವ ಕೆ.ಆರ್. ಮಾರ್ಕೆಟ್‌ಗೆ ಬರಬೇಕು. ಫ್ಲೈಓವರ್ ಮೇಲೆ ಹೋಗೋರಿಗೆ ಇದು ಕಾಣಲ್ಲ, ಕೆಳಗೆ ಇಳೀಬೇಕು. ಕೆಸರು, ಕೊಳೆತ ಸೊಪ್ಪು, ಲಾರಿಗಳ ಹಾರ್ನ್. ಅದರ ಮಧ್ಯೆ ರಾಶಿ ರಾಶಿ ಸೇವಂತಿಗೆ, ಮಲ್ಲಿಗೆ, ಕನಕಾಂಬರ!

ಈ ಜಾಗ ರಾತ್ರಿಯಲ್ಲಿ ನೋಡಿರೋದು ಬರೀ ವ್ಯಾಪಾರ ಅಲ್ಲ, ಯುದ್ಧವನ್ನೂ ನೋಡಿದೆ. 1791ರ ಮಾರ್ಚ್ 21. ಕಾರ್ನ್‌ವಾಲಿಸ್‌ನ ಸೈನ್ಯ ಟಿಪ್ಪುವಿನ ಬೆಂಗಳೂರು ಕೋಟೆಗೆ ನುಗ್ಗಿದ್ದು ರಾತ್ರಿ, ಬೆಳದಿಂಗಳಲ್ಲಿ. ಕಿಲ್ಲೇದಾರ ಬಹಾದ್ದೂರ್ ಖಾನ್ ಹೋರಾಡುತ್ತಲೇ ಪ್ರಾಣ ಬಿಟ್ಟ. ಆ ಕೋಟೆಯಲ್ಲಿ ಉಳಿದಿರೋ ದೆಹಲಿ ಬಾಗಿಲು ಮಾರ್ಕೆಟ್ ಪಕ್ಕದಲ್ಲೇ ಇದೆ. ಗೋಡೆ ಒಡೆದು ನುಗ್ಗಿದ್ದು ಇಲ್ಲೇ ಅಂತ ಹೇಳುವ ಫಲಕವೂ ಇದೆ. ದಿನಾ ಸಾವಿರಾರು ಜನ ಅದರ ಮುಂದೆಯೇ ಬಸ್ಸಿಗೆ ಓಡ್ತಾರೆ. ನಿಂತು ಓದೋರು ಎಷ್ಟು ಜನ?

ಇನ್ನು ಬೆಳಕಿನ ಕಥೆ ಕೇಳಿ. ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ತಯಾರಾದ ಕರೆಂಟು 1902ರಲ್ಲಿ ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗಳಿಗೆ ಬಂದಿದ್ದು 1905ರಲ್ಲಿ. ಇಂಜಿನಿಯರಿಂಗ್ ಓದಿದ ನನಗೆ ಇದು ಹೆಮ್ಮೆಯ ವಿಷಯ. ಆದರೆ ಕ್ರಮ ಗಮನಿಸಿ: ಮೊದಲು ಗಣಿ, ಆಮೇಲೆ ಜನ. 1928ರಲ್ಲಿ ಮಾರ್ಕೆಟ್ ಕಟ್ಟಡ ಎದ್ದಿತು, ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರು ಬಂತು. ಅದಕ್ಕೂ ಮೊದಲು ಈ ಜಾಗದಲ್ಲಿ ಇದ್ದದ್ದು ಸಿದ್ಧಿಕಟ್ಟೆ ಅನ್ನೋ ಕೆರೆ.

ಈಗ ಇವತ್ತಿಗೆ ಬರೋಣ. 2021ರ ಜನವರಿಯಲ್ಲಿ ರಾಜ್ಯ ಸರ್ಕಾರ ಒಂದು ಆದೇಶ ಹೊರಡಿಸಿತು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಅಂಗಡಿಗಳು 24 ಗಂಟೆ ತೆರೆದಿರಬಹುದು ಅಂತ. ಒಳ್ಳೇದೇ. ಆದರೆ ಒಂದು ಕುಕ್ಕೆ, ಒಂದು ಗೋಣಿಚೀಲ ಹಾಸಿಕೊಂಡು ರಾತ್ರಿಯೆಲ್ಲ ಕೂರುವ ಹೂವಿನ ಅಮ್ಮ ಈ ಲೆಕ್ಕದಲ್ಲಿ ಎಲ್ಲಿ ಬರ್ತಾರೆ? ಅವರಿಗಾಗಿ 2014ರಲ್ಲೇ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಬಂದಿದೆ. ಸಮೀಕ್ಷೆ ಮುಗಿಯೋವರೆಗೆ ಎಬ್ಬಿಸುವಂತಿಲ್ಲ ಅಂತ ಅದರಲ್ಲೇ ಬರೆದಿದೆ. ಆದರೂ 'ತೆರವು ಕಾರ್ಯಾಚರಣೆ' ಅನ್ನೋ ಸುದ್ದಿ ನಮ್ಮ ಟಿಕ್ಕರ್‌ನಲ್ಲಿ ಓಡ್ತಾನೇ ಇರುತ್ತೆ.

ಮಾರ್ಕೆಟ್ ಸ್ವಚ್ಛ ಆಗಲಿ, ಯಾರು ಬೇಡ ಅಂತಾರೆ? ಶೌಚಾಲಯ ಬರಲಿ, ದೀಪ ಬರಲಿ, ಕಸ ಹೋಗಲಿ. ಕಸದ ಜೊತೆ ಜನಾನೂ ಗುಡಿಸಿ ಹಾಕೋದು ಅಭಿವೃದ್ಧಿ ಅಲ್ಲ.

ನಾಳೆ ಬೆಳಿಗ್ಗೆ ನಿಮ್ಮ ದೇವರ ಪಟಕ್ಕೆ ಒಂದು ಮೊಳ ಹೂವು ಏರಿಸ್ತೀರಲ್ಲ, ಅದಕ್ಕಾಗಿ ಯಾರೋ ಒಬ್ಬರು ಇವತ್ತು ರಾತ್ರಿ ನಿದ್ದೆ ಬಿಟ್ಟಿರ್ತಾರೆ. ರಾತ್ರಿ ಬೆಂಗಳೂರು ಯಾರಿಗೆ ಸೇರಿದ್ದು ಅಂತ ಚರ್ಚೆ ಮಾಡುವಾಗ ಅವರಿಗೂ ಒಂದು ಕುರ್ಚಿ ಹಾಕಿ.