ಸೈಡ್‌ಬಾರ್‌ನಿಂದ ತೆಗೆದರೆ ಫೈಲ್ ಡಿಲೀಟ್ ಆಗುತ್ತದೆಯೇ?

ಇಲ್ಲ. ಕೊಳ್ಳೇಗಾಲ, ಹನೂರು, ಯಳಂದೂರಿನಲ್ಲಿ ಪಹಣಿ, ಆಧಾರ್ ಪ್ರಿಂಟ್‌ಗೆಂದು ಸೈಬರ್ ಸೆಂಟರ್‌ಗೆ ಹೋಗುವವರು ಇದನ್ನು ತಿಳಿದಿರಲೇಬೇಕು.

ವಿಂಡೋಸ್ 10ರಲ್ಲಿ ಫೈಲ್ ಎಕ್ಸ್‌ಪ್ಲೋರರ್ ತೆರೆದರೆ ಮೊದಲು ಬರುವುದು ‘ಕ್ವಿಕ್ ಆಕ್ಸೆಸ್’. ಎಡಗಡೆ ಪಟ್ಟಿಯಲ್ಲಿ ಹೆಚ್ಚು ಬಳಸಿದ ಫೋಲ್ಡರ್‌ಗಳು, ಪಕ್ಕದಲ್ಲಿ ಇತ್ತೀಚೆಗೆ ತೆರೆದ ಫೈಲ್‌ಗಳು. ನಿಮ್ಮ ನಂತರ ಕೂತವರಿಗೂ ಅವು ಕಾಣುತ್ತವೆ. ಮನೆ ಕಂಪ್ಯೂಟರಿಗೆ ಇದು ಅನುಕೂಲ. ಹತ್ತು ಜನ ಬಳಸುವ ಕಂಪ್ಯೂಟರಿಗೆ ಸರಿಯಲ್ಲ ಅನ್ನುವುದು ನಮ್ಮ ಅಭಿಪ್ರಾಯ.

ಬದಲಿಸಲು ‘ವ್ಯೂ’ ಮೆನುವಿನ ‘ಆಪ್ಷನ್ಸ್’ ತೆರೆಯಿರಿ. ‘ಜನರಲ್’ನಲ್ಲಿ ‘ಪ್ರೈವೆಸಿ’ ಕೆಳಗಿನ ಎರಡೂ ಟಿಕ್ ತೆಗೆದು ‘ಕ್ಲಿಯರ್’ ಒತ್ತಿ. ಬೇಡದ ಫೋಲ್ಡರನ್ನು ‘ಅನ್‌ಪಿನ್’ ಮಾಡಿದರೆ ಪಟ್ಟಿಯಿಂದ ಮಾತ್ರ ಹೋಗುತ್ತದೆ.

ಹಾಗಾಗಿಯೇ ‘ಡೌನ್‌ಲೋಡ್ಸ್’ನಲ್ಲಿರುವ ನಿಮ್ಮ ಆಧಾರ್ ಪಿಡಿಎಫ್ ಅಲ್ಲೇ ಉಳಿದಿರುತ್ತದೆ. ಪ್ರಿಂಟ್ ಆದಮೇಲೆ ಅದನ್ನು ಆರಿಸಿ, ಶಿಫ್ಟ್ ಹಿಡಿದು ಡಿಲೀಟ್ ಒತ್ತಲು ಅಂಗಡಿಯವರಿಗೆ ಹೇಳಿ. ಬರೀ ಡಿಲೀಟ್ ಒತ್ತಿದರೆ ರೀಸೈಕಲ್ ಬಿನ್‌ನಲ್ಲಿ ಕೂತಿರುತ್ತದೆ.