ದಂತಕ್ಷಕಿರಣಚಿತ್ರದ ಅಧಿಕಾರ

ಚಳ್ಳಕೆರೆ, ಮೊಳಕಾಲ್ಮೂರು ಎಂದೊಡನೆ ಚರಿತ್ರಾಸಕ್ತರಾದ ವಾಚಕರಿಗೆ ಬ್ರಹ್ಮಗಿರಿಯ ಅಶೋಕಶಾಸನವೂ ರೇಷ್ಮೆಯ ಸೀರೆಯೂ ಕುರಿಯ ಕಂಬಳಿಯೂ ನೆನಪಿಗೆ ಬರುವುವು. ಆ ಸೀಮೆಯ ಜನರ ಹಲ್ಲಿಗೂ ಒಂದು ಚರಿತ್ರೆಯುಂಟು. ಮಳೆ ವಿರಳವಾದ ಈ ನಾಡಿನಲ್ಲಿ ಜನರು ಬಹುಕಾಲ ಕೊಳವೆಬಾವಿಗಳನ್ನೇ ನಂಬಿಕೊಂಡು ಬಂದಿರುವರು. ಹಲವು ಗ್ರಾಮಗಳ ಅಂತಹ ನೀರಿನಲ್ಲಿ ಫ್ಲೋರೈಡು ಮಿತಿಮೀರಿದೆ. ಅದನ್ನು ಕುಡಿದು ಬೆಳೆದ ಮಕ್ಕಳ ಹಲ್ಲುಗಳಲ್ಲಿ ಕಂದುಗಲೆ ಕಾಣುವುದು. ಕಲೆಯನ್ನು ಗುರುತಿಸಲು ಕಣ್ಣೇ ಸಾಕು. ಆದರೆ ಬೇರಿನ ತುದಿಯಲ್ಲಿ ಸವೆದ ಮೂಳೆಯನ್ನೂ, ದವಡೆಯೊಳಗೆ ಅಡಗಿದ ಹಲ್ಲನ್ನೂ, ಬೆನ್ನೆಲುಬಿಗೆ ಹತ್ತಿದ ಫ್ಲೋರೈಡಿನ ವಿಕಾರವನ್ನೂ ಕಾಣಲು ಕ್ಷ-ಕಿರಣ ಬೇಕು. ಆ ಕಿರಣವನ್ನು ಹಾಯಿಸುವ ಅಧಿಕಾರ ಯಾರದೆಂಬುದು ಹೇಗೆ ನಿರ್ಣಯವಾಯಿತು ಎಂದು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಹಲ್ಲಿನ ಕಲೆಗೂ ಮೂಳೆಯ ರೋಗಕ್ಕೂ ಇರುವ ನಂಟು ನಮ್ಮ ದೇಶದಲ್ಲಿ ಬೆಳಕಿಗೆ ಬಂದುದು ನೆರೆಯ ಮದ್ರಾಸು ಆಧಿಪತ್ಯದಲ್ಲಿ. 1937ರಲ್ಲಿ ಶಾರ್ಟ್ ಮೊದಲಾದ ನಾಲ್ವರು ನೆಲ್ಲೂರಿನ ಕಡೆಯ ರೋಗಿಗಳನ್ನು ಕುರಿತು ಬರೆದರು. ಅವರಲ್ಲಿ ಬಾರ್ನಾರ್ಡ್ ಎಂಬವರು ಕ್ಷ-ಕಿರಣಶಾಸ್ತ್ರಜ್ಞರು. ಮದ್ರಾಸಿನಲ್ಲಿ 1934ರಲ್ಲಿ ತೆರೆದ ಸಂಸ್ಥೆಯು ಅವರ ಹೆಸರನ್ನೇ ಧರಿಸಿದೆ.

ರಂಟ್‌ಗೆನ್ ಪಂಡಿತನು ಈ ಕಿರಣವನ್ನು ಕಂಡುದು 1895ರ ನವೆಂಬರಿನಲ್ಲಿ. ಎರಡು ತಿಂಗಳೊಳಗಾಗಿ, 1896ರ ಜನವರಿಯಲ್ಲಿ, ಜರ್ಮನಿಯ ವಾಲ್ಕ್‌ಹಾಫ್ ಎಂಬ ದಂತವೈದ್ಯನು ತನ್ನ ಹಲ್ಲುಗಳ ಚಿತ್ರವನ್ನೇ ತೆಗೆಯಿಸಿದನು. ಅದಕ್ಕಾಗಿ 25 ನಿಮಿಷಗಳ ಕಾಲ ಅಲುಗದೆ ಇರಬೇಕಾಯಿತು! ಅದೇ ವರ್ಷ ಅಮೆರಿಕದ ನ್ಯೂ ಆರ್ಲಿಯನ್ಸಿನಲ್ಲಿ ಕೆಲ್ಸ್ ಎಂಬ ದಂತವೈದ್ಯನೂ ಈ ಕೆಲಸಕ್ಕೆ ಕೈಯಿಟ್ಟನು. ಅವನಿಗೆ ಒದಗಿದ ಗತಿ ಶೋಚನೀಯವಾದುದು. ಹಲವು ವರ್ಷ ಬರಿಗೈಯನ್ನು ಕಿರಣಕ್ಕೆ ಒಡ್ಡಿದುದರಿಂದ ಕ್ಯಾನ್ಸರು ಹತ್ತಿತು. ಮೊದಲು ಬೆರಳುಗಳು, ಆಮೇಲೆ ಕೈ, ಕಡೆಗೆ ತೋಳು ಹೋದುವು. 1928ರಲ್ಲಿ ಅವನು ತಾನೇ ಪ್ರಾಣವನ್ನು ಕಳೆದುಕೊಂಡನು. ಈ ವಿದ್ಯೆಗೆ ಅಂಕೆ ಬೇಕೆಂಬುದು ಇಂತಹ ದೇಹಗಳ ಮೇಲೆ ಬರೆದ ಪಾಠ.

ಭಾರತದಲ್ಲಿ ಅಂಕೆ ಬಂದುದು 1948ರ ದಂತವೈದ್ಯರ ಶಾಸನದಿಂದ. ಆ ಶಾಸನವು ದಂತವೈದ್ಯವೆಂದರೇನೆಂದು ಹೇಳುವಾಗ, ಹಲ್ಲು, ದವಡೆ, ಬಾಯಿಗಳಿಗೆ ಸಂಬಂಧಿಸಿದ ಕ್ಷ-ಕಿರಣಚಿತ್ರಕಾರ್ಯವನ್ನೂ ಅದರೊಳಗೇ ಸೇರಿಸಿತು. ದಂತವೈದ್ಯರಿಗೆ, ಹಲ್ಲುಗಳನ್ನು ಶುಚಿಗೊಳಿಸುವವರಿಗೆ, ಕಟ್ಟುಹಲ್ಲು ಮಾಡುವ ಕುಶಲಿಗಳಿಗೆ ಬೇರೆ ಬೇರೆ ಪಟ್ಟಿಗಳನ್ನು ಏರ್ಪಡಿಸಿತು. ಚಿತ್ರ ತೆಗೆಯುವವನಿಗೆ ಮಾತ್ರ ಪಟ್ಟಿಯಿಲ್ಲ. ಅವನ ಕೆಲಸಕ್ಕೆ ಹೆಸರುಂಟು, ಅವನಿಗಿಲ್ಲ.

ಆದರೆ ಅದೇ ಶಾಸನದ 49ನೆಯ ಪ್ರಕರಣವು ಕೆಲವು ಬಾಗಿಲುಗಳನ್ನು ತೆರೆದಿಟ್ಟಿತು. ಸಾರ್ವಜನಿಕ ಅಥವಾ ಖಾಸಗಿ ಹಣದಿಂದ ನಡೆಯುವ ಆಸ್ಪತ್ರೆ, ಔಷಧಾಲಯಗಳಲ್ಲಿ ನಡೆಯುವ ದಂತಕಾರ್ಯಕ್ಕೂ ಚಿತ್ರಕಾರ್ಯಕ್ಕೂ ನಿಷೇಧ ತಗುಲದು. ನೋಂದಿತ ದಂತವೈದ್ಯನು ಸಿಕ್ಕದ ತುರ್ತಿನಲ್ಲಿ, ಅರಿವಳಿಕೆಯನ್ನು ಕೊಡದೆ, ಯಾರು ಬೇಕಾದರೂ ಹಲ್ಲನ್ನು ಕೀಳಬಹುದು. ವೈದ್ಯನಿಲ್ಲದ ಹಳ್ಳಿಯನ್ನು ಕಣ್ಣ ಮುಂದಿಟ್ಟುಕೊಂಡೇ ಈ ಎರಡನೆಯ ವಿನಾಯಿತಿಯನ್ನು ಬರೆದಿರಬೇಕೆಂದು ನಮಗೆ ತೋರುತ್ತದೆ. ಮೊದಲನೆಯದರ ಫಲ ಇನ್ನೂ ದೊಡ್ಡದು. ಆಸ್ಪತ್ರೆಯಲ್ಲಿ ಎದೆಯ ಚಿತ್ರವನ್ನು ತೆಗೆಯುವ ಸಿಬ್ಬಂದಿಯೇ ದವಡೆಯ ಚಿತ್ರವನ್ನೂ ತೆಗೆಯಬಹುದಾಯಿತು. ಪೇಟೆಯ ಖಾಸಗಿ ದಂತವೈದ್ಯನ ಕೊಠಡಿಯಲ್ಲಿ ಅದೇ ಕೆಲಸ ವೈದ್ಯನದಾಯಿತು.

ಶಾಸನವು ಹುಟ್ಟಿದಾಗ ಮೊಳಕಾಲ್ಮೂರು ಮೈಸೂರು ಸಂಸ್ಥಾನದ ಅಂಚಿನಲ್ಲಿದ್ದಿತು. ಗಡಿಯಾಚೆಯ ರಾಯದುರ್ಗವು ಮದ್ರಾಸು ಪ್ರಾಂತ್ಯಕ್ಕೆ ಸೇರಿದ್ದಿತು. ಮೈಸೂರು ರಾಜ್ಯದ ಸರ್ಕಾರಿ ದಂತವೈದ್ಯ ಕಾಲೇಜು ಬೆಂಗಳೂರಿನಲ್ಲಿ ತೆರೆದುದು 1958ರಲ್ಲಿ. ದಾವಣಗೆರೆಯಲ್ಲಿ ಬಾಪೂಜಿ ಕಾಲೇಜು ಬಂದುದು 1979ರಲ್ಲಿ.

ವ್ಯಕ್ತಿಯನ್ನು ಬಿಟ್ಟು ಯಂತ್ರವನ್ನು ಹಿಡಿದ ಅಂಕೆ ಮತ್ತೊಂದು ಕಡೆಯಿಂದ ಬಂದಿತು. 1962ರ ಅಣುಶಕ್ತಿ ಶಾಸನ, 1971ರ ಕಿರಣರಕ್ಷಣಾ ನಿಯಮ, 1983ರಲ್ಲಿ ಸ್ಥಾಪಿತವಾದ ಅಣುಶಕ್ತಿ ನಿಯಂತ್ರಣ ಮಂಡಲಿ, 2004ರ ಹೊಸ ನಿಯಮ: ಇವು ಅದರ ಮೆಟ್ಟಿಲುಗಳು. ದಂತವೈದ್ಯನ ಸಣ್ಣ ಯಂತ್ರಕ್ಕೂ ಈ ಮಂಡಲಿಯ ನೋಂದಣಿ ಬೇಕು. ಕೆಲಸಗಾರನಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲಿಯೂ 30ನ್ನು ಮೀರಕೂಡದು. ಮೈಗೆ ತಗುಲಿದ ಕಿರಣವನ್ನು ಅಳೆಯಲು ಎದೆಗೆ ಸಿಕ್ಕಿಸಿಕೊಳ್ಳುವ ಬಿಲ್ಲೆಗೂ ಭಾಭಾ ಅಣು ಸಂಶೋಧನ ಕೇಂದ್ರಕ್ಕೂ ಹಳೆಯ ನಂಟು. ಅದೇ ಕೇಂದ್ರಕ್ಕೆ ಚಳ್ಳಕೆರೆ ತಾಲೂಕಿನ ಉಳ್ಳಾರ್ತಿಯ ಕಾವಲಿನಲ್ಲಿ ನೆಲ ದೊರೆತುದು ಕಾಕತಾಳೀಯವಾದರೂ ಇಲ್ಲಿ ಹೇಳದಿರಲಾಗದು.

ಅಮೆರಿಕವು 1981ರ ಶಾಸನದಿಂದ ದಂತಚಿತ್ರಗಾರರಿಗೂ ಕನಿಷ್ಠ ಶಿಕ್ಷಣದ ಮಾನವನ್ನು ಗೊತ್ತುಮಾಡಿತು. ಅನುಸರಿಸುವುದನ್ನು ಮಾತ್ರ ಆಯಾ ಸಂಸ್ಥಾನಗಳಿಗೆ ಬಿಟ್ಟಿತು. ನಮ್ಮಲ್ಲಿ ಕ್ಷ-ಕಿರಣ ತಂತ್ರಜ್ಞರ ವೃತ್ತಿಗೆ ರಾಷ್ಟ್ರೀಯ ಶಾಸನದಲ್ಲಿ ಹೆಸರು ದೊರೆತುದು 2021ರಲ್ಲಿ, ಸಹವೈದ್ಯಕೀಯ ವೃತ್ತಿಗಳ ಆಯೋಗದ ಶಾಸನದಿಂದ. 1948ರ ದಂತಶಾಸನದ ಸ್ಥಾನಕ್ಕೆ ಹೊಸದೊಂದನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿತು. ಒಂದು ಶಾಸನವು ಕಿರಣವನ್ನು ಹಾಯಿಸುವವನನ್ನು ನೋಡಿದರೆ, ಇನ್ನೊಂದು ಹಲ್ಲನ್ನು ನೋಡುವುದು. ಇವೆರಡೂ ಸಂಧಿಸುವ ಸ್ಥಳ ತಾಲೂಕಿನ ಆಸ್ಪತ್ರೆಯ ಆ ಕತ್ತಲೆಯ ಕೊಠಡಿ.